ಪದಚರ್ಚೆ: ‘ಫೋಕಸ್ ಫ್ರೀ’ ಕ್ಯಾಮೆರಾಕ್ಕೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ, ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳ ಫೋಟೋ ಶಿಬಿರಕ್ಕೆಂದು ಸಣ್ಣ ಫಿಲ್ಮ್ ಕ್ಯಾಮೆರಾದ ಬಳಕೆಯ ಬಗ್ಗೆ ನಾಲ್ಕು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಮೂರು ಪದಗಳಲ್ಲಿ ತಡವರಿಸಿದ್ದೇವೆ. ‘ಫೋಕಸ್ ಫ್ರೀ’, ಅಂದರೆ ನಾವು ಫೋಕಸ್ ಹೊಂದಿಸಬೇಕಾಗಿಲ್ಲದ ಕ್ಯಾಮೆರಾ, ಎಂಬುದಕ್ಕೆ ಒಬ್ಬರು ‘ಫೋಕಸ್‌ರಹಿತ’ ಎಂದರು, ಇನ್ನೊಬ್ಬರು ‘ಸ್ಥಿರನಾಭಿ’ ಎಂದರು. ‘ವೈಂಡ್’, ‘ರಿವೈಂಡ್’ ಎರಡಕ್ಕೂ ‘ಸುತ್ತು’ ಎಂದೇ ಬರೆದಿದೆ, ಸಾಕೇ? ಫಿಲ್ಮ್ ‘ತೊಳೆಸುವುದು’ ಎಂದರೆ ಗ್ರಾಮ್ಯವಾಯಿತೇ? ಬಲ್ಲವರು ತಿಳಿಸಬೇಕು.

ಉತ್ತರ, ಮಂಗಳೂರಿನಿಂದ:

‘ಫೋಕಸ್‌ರಹಿತ’ ಬೇಡವೇ ಬೇಡ ಸರ್. ಓದಿದವರು ಚಿತ್ರವೆಲ್ಲ ಮಸುಕು ಎಂದೇ ತಿಳಿಯುತ್ತಾರೆ. ‘ಸ್ಥಿರನಾಭಿ’ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ಕೇಳಲು ಸರಿಯಾಗಿದೆ. ನಾಭಿದೂರ, ಅಂದರೆ ಶಾಲೆಯ ಪುಸ್ತಕದ ಸಂಗಮದೂರ, ಮಸೂರದ ಗುಣ, 30 ಮಿ.ಮೀ., 50 ಮಿ.ಮೀ. ಎನ್ನುವ ಲೆಕ್ಕ. ಅದು ಸ್ಥಿರ ಎಂದರೆ ಝೂಮ್ ಇಲ್ಲ ಎಂದಷ್ಟೇ ಅರ್ಥ. ಝೂಮ್ ಇಲ್ಲದ ಎಷ್ಟೋ ಮಸೂರಗಳಲ್ಲಿ ಫೋಕಸಿಗೆ ತಿರುಗಿಸುವ ಬಳೆ ಇದ್ದೇ ಇರುತ್ತದೆ. ಈ ಕ್ಯಾಮೆರಾದಲ್ಲಿ ಕದಲದಿರುವುದು ಮಸೂರಕ್ಕೂ ಫಿಲ್ಮಿಗೂ ನಡುವಿನ ಅಂತರ. ‘ನೆಟ್ಟ ನೋಟ’ ಎನ್ನುತ್ತೇವಲ್ಲ, ಅದೇ ದಾರಿಯಲ್ಲಿ ‘ನೆಟ್ಟ ಫೋಕಸ್’ ಎನ್ನಿ. ಒಂದೇ ದೂರಕ್ಕೆ ನೆಟ್ಟಿದೆ ಎಂಬುದು ಪದದಲ್ಲೇ ಬಂತು.

ಯಾವ ದೂರಕ್ಕೆ? 30 ಮಿ.ಮೀ. ಮಸೂರ, ಎಫ್/10 ರಂಧ್ರ ಎಂದುಕೊಳ್ಳಿ. ಎಫ್/10 ಎಂದರೆ ನಾಭಿದೂರದ ಹತ್ತನೇ ಒಂದು ಪಾಲು, ರಂಧ್ರದ ವ್ಯಾಸ ಬರೇ 3 ಮಿ.ಮೀ. ಆಯಿತು. 35 ಮಿ.ಮೀ. ಫಿಲ್ಮಿನ ಮೇಲೆ 0.03 ಮಿ.ಮೀ. ವರೆಗಿನ ಮಸುಕನ್ನು ಸಾಮಾನ್ಯ ಅಳತೆಯ ಪ್ರಿಂಟಿನಲ್ಲಿ ಕಣ್ಣು ಗುರುತಿಸುವುದಿಲ್ಲ. 30ರ ವರ್ಗ 900. ಅದನ್ನು 10 ಮತ್ತು 0.03ರ ಗುಣಲಬ್ಧದಿಂದ ಭಾಗಿಸಿದರೆ 3000 ಮಿ.ಮೀ., ಅಂದರೆ 3 ಮೀಟರ್. ಅಷ್ಟಕ್ಕೆ ನೆಟ್ಟರೆ ಅದರ ಅರ್ಧದಿಂದ, 1.5 ಮೀಟರಿನಿಂದ ಹಿಡಿದು ಕಡಲಂಚಿನವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. ಅದಕ್ಕಿಂತ ಹತ್ತಿರದ್ದು ಸ್ಪಷ್ಟವಲ್ಲ. ಶಂಕರಪುರ ಮಲ್ಲಿಗೆಯ ಚೆಂಡನ್ನು ಎರಡಡಿ ದೂರದಲ್ಲಿ ಹಿಡಿದು ತೆಗೆದರೆ ಹೂವು ಬಿಳಿ ಮುದ್ದೆಯಾಗಿ, ಹಿಂದಿನ ತೆಂಗಿನ ಗರಿ ಎಳೆ ಎಳೆಯಾಗಿ ಬರುತ್ತದೆ. ತೆಗೆಯುವಾಗ ಇದು ತಿಳಿಯುವುದೇ ಇಲ್ಲ. ನೋಡುವ ಕಿಂಡಿಗೆ ಬೇರೆಯೇ ಗಾಜು. ಅದರಲ್ಲಿ ಹೂವೂ ಸ್ಪಷ್ಟ, ಗರಿಯೂ ಸ್ಪಷ್ಟ. ವ್ಯೂಫೈಂಡರಿಗೆ ‘ಕಿಂಡಿ’ ಎಂದೇ ಬರೆಯಿರಿ, ಉಡುಪಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಚಿಕ್ಕ ರಂಧ್ರದಿಂದ ಬೆಳಕೂ ಕಡಿಮೆ. ಶಟರ್ 1/120 ಸೆಕೆಂಡಿಗೆ ಕಟ್ಟಿದ್ದರೆ ಆಟಿಯ ದಟ್ಟ ಮೋಡಕ್ಕೆ 400 ಐಎಸ್‌ಒ ಫಿಲ್ಮ್ ಬೇಕು (ಐಎಸ್‌ಒ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ). ಬಿಸಿಲಿಗೆ 200 ಸಾಕು. ಬೆಳಕು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಹೆಚ್ಚು ಬಿದ್ದರೂ ಕಲರ್ ನೆಗೆಟಿವ್ ತಾಳಿಕೊಳ್ಳುತ್ತದೆ. ಕಡಿಮೆ ಬಿದ್ದರೆ ನೆರಳಿನ ಭಾಗದಲ್ಲಿ ಏನೂ ಉಳಿಯುವುದಿಲ್ಲ.

‘ಸುತ್ತು’ ಒಂದೇ ಸಾಲದು. ಫಿಲ್ಮ್ ಹಾಳಾಗುವುದು ಅಲ್ಲೇ. ಒಂದು ‘ಮುಂದಕ್ಕೆ ಸುತ್ತು’, ಇನ್ನೊಂದು ‘ಡಬ್ಬಿಗೆ ವಾಪಸ್ ಸುತ್ತು’ ಎಂದಿರಲಿ. ‘ಡಬ್ಬಿಗೆ’ ಎಂಬುದನ್ನು ಬಿಡಬೇಡಿ. 36 ಚಿತ್ರ ಮುಗಿದ ಕೂಡಲೇ ಹಿಂಬಾಗಿಲು ತೆರೆದರೆ ಫಿಲ್ಮ್ ಇನ್ನೂ ಹೊರಗಿನ ಸುರುಳಿಯಲ್ಲೇ ಇರುತ್ತದೆ, ಬೆಳಕು ತಾಗಿ ಹೋಗುತ್ತದೆ. ಮೊದಲು ತಳದ ಸಣ್ಣ ಗುಂಡಿ ಒತ್ತಬೇಕು. ಒತ್ತದೆ ತಿರುಗಿಸಿದರೆ ಹಲ್ಲುಚಕ್ರ ಬಿಡುವುದಿಲ್ಲ, ಫಿಲ್ಮಿನ ಅಂಚಿನ ತೂತುಗಳು ಹರಿಯುತ್ತವೆ. ಬಳಿಕ ಎಡಗಡೆಯ ಹಿಡಿಯನ್ನು ಬಿಡಿಸಿ ಬಾಣದ ದಿಕ್ಕಿಗೆ ನಿಧಾನವಾಗಿ ತಿರುಗಿಸುವುದು. ಕೈಗೆ ಬಿಗಿ ಸಿಗುತ್ತಿರುತ್ತದೆ. ಕೊನೆಗೆ ಸಣ್ಣ ಎಳೆತ, ಮತ್ತೆ ಹಿಡಿ ಒಮ್ಮೆಲೇ ಹಗುರ. ಆಮೇಲೂ ಎರಡು ಸುತ್ತು ತಿರುಗಿಸಿಯೇ ಬಾಗಿಲು ತೆರೆಯಬೇಕು. ಇದೇ ಹಿಡಿ ಇನ್ನೊಂದಕ್ಕೂ ಸಾಕ್ಷಿ: ಹೊಸ ಫಿಲ್ಮ್ ಹಾಕಿ ಮುಂದಕ್ಕೆ ಸುತ್ತುವಾಗ ಅದು ತಾನಾಗಿ ಹಿಮ್ಮುಖ ತಿರುಗಬೇಕು. ಎರಡು ಮೂರು ಚಿತ್ರವಾದರೂ ತಿರುಗದಿದ್ದರೆ ಫಿಲ್ಮಿನ ತುದಿ ಸಿಕ್ಕಿಕೊಂಡಿಲ್ಲ. ಚಿತ್ರದ ಎಣಿಕೆ ಮಾತ್ರ ಓಡುತ್ತಿದೆ.

‘ತೊಳೆಸುವುದು’ ಗ್ರಾಮ್ಯವಲ್ಲ, ಸ್ಟುಡಿಯೋಗೆ ಹೋಗುವವರ ಮಾತು ಅದೇ. ಲ್ಯಾಬಿನ ಕ್ರಮ ಬರೆಯುವಾಗ ಮಾತ್ರ ‘ಡೆವಲಪ್’ ಎಂದೇ ಇಡಿ. ಕಲರ್ ನೆಗೆಟಿವ್ 37.8 ಡಿಗ್ರಿಯ ಡೆವಲಪರಿನಲ್ಲಿ 3 ನಿಮಿಷ 15 ಸೆಕೆಂಡ್ ಇರುತ್ತದೆ. ನೀರಿನಲ್ಲಿ ತೊಳೆಯುವುದು ಬೇರೆಯೇ ಹಂತ, ಎರಡಕ್ಕೂ ಒಂದೇ ಪದವಾದರೆ ಕಲಸಿಹೋಗುತ್ತದೆ.

ಸೇರಿಕೆ, ಮಲ್ಪೆಯಿಂದ:

‘ನೆಟ್ಟ ಫೋಕಸ್’ಗೆ ನನ್ನದೂ ಒಪ್ಪಿಗೆ. 1.5 ಮೀಟರ್ ಎಂದರೆ ಮಕ್ಕಳು ಟೇಪ್ ಹಿಡಿದು ಅಳೆಯುವುದಿಲ್ಲ. ಇಲ್ಲಿ ನೀರಿನ ಆಳಕ್ಕೆ ಹೇಳುವ ‘ಮಾರು’ ಇದೆಯಲ್ಲ, ಎರಡೂ ಕೈ ಚಾಚಿದಷ್ಟು, ಹೆಚ್ಚುಕಡಿಮೆ ಆರಡಿ. ‘ಒಂದು ಮಾರಿಗಿಂತ ಹತ್ತಿರ ಬೇಡ’ ಎಂದು ಬರೆದರೆ ಕೆಲಸ ಮುಗಿಯಿತು. ಫ್ಲಾಶಿಗೂ ಇದೇ ಅಳತೆ ಬಳಸಬಹುದು. ಗೈಡ್ ನಂಬರ್, ಅಂದರೆ ಫ್ಲಾಶಿನ ಬಲ ಹೇಳುವ ಅಂಕಿ, 100 ಐಎಸ್‌ಒಗೆ ಮೀಟರಿನಲ್ಲಿ 12 ಇದ್ದರೆ 400 ಫಿಲ್ಮಿಗೆ ಅದು 24 ಆಗುತ್ತದೆ. ಎಫ್/10ರ 10ರಿಂದ ಭಾಗಿಸಿದರೆ ಬೆಳಕು ತಲುಪುವ ದೂರ 2.4 ಮೀಟರ್, ಒಂದೂಕಾಲು ಮಾರಿಗಿಂತ ತುಸು ಹೆಚ್ಚು. ಯಕ್ಷಗಾನದ ರಂಗಸ್ಥಳಕ್ಕೆ ಹತ್ತನೇ ಸಾಲಿನಿಂದ ಫ್ಲಾಶ್ ಹಾಕಿದರೆ ಮುಂದೆ ಕೂತವರ ತಲೆಗಳಷ್ಟೇ ಬೆಳ್ಳಗೆ ಬರುತ್ತವೆ, ವೇಷದವರೆಗೆ ಬೆಳಕು ತಲುಪುವುದಿಲ್ಲ.

ಇನ್ನೊಂದು: ಫಿಲ್ಮಿಗೆ ನಮ್ಮ ಕಡೆ ‘ರೀಲು’ ಎಂದು ರೂಢಿ. ಆದರೆ ಈಗಿನ ಮಕ್ಕಳಿಗೆ ರೀಲು ಎಂದರೆ ಮೊಬೈಲಿನ ವಿಡಿಯೋ. ಕೈಪಿಡಿಯಲ್ಲಿ ‘ರೋಲ್’ ಎಂದೇ ಇರಲಿ.