ಭೂಕಂಪ ಆದ್ರೆ ನಮ್ಮ ಎರೆ ಭೂಮಿ ಮನೆ ನುಂಗುತ್ತಾ?

ಭೀಮಾದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮೂರು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟೆ ತಾಲೂಕು, ಭೀಮಾ ನದಿಗೆ ಹತ್ತಿರ. ಮುತ್ತಜ್ಜನ ಕಾಲದ ಕಲ್ಲಿನ ವಾಡೆ ಬಿಟ್ಟು, ರಸ್ತೆಗೆ ಹತ್ತಿದ ಹೊಲದಲ್ಲಿ ಹೊಸ ಮನೆ ಕಟ್ಟುವ ವಿಚಾರ ಇದೆ. ಕೆಳಗೆ ಮೂರು ಅಂಗಡಿ, ಮೇಲೆ ಮನೆ. ಅಷ್ಟರಲ್ಲಿ ಅಪ್ಪನ ಮೊಬೈಲಿಗೆ ಒಂದು ಫೋಟೋ ಬಂತು. 1964ರ ಭೂಕಂಪದಲ್ಲಿ ಜಪಾನಿನ ನೀಗಾಟಾ ಪಟ್ಟಣ. ನಾಲ್ಕಂತಸ್ತಿನ ಕಟ್ಟಡ ಹಿಂದಕ್ಕೆ ಅಂಗಾತ ಬಿದ್ದಿದೆ, ಆದ್ರೆ ಗೋಡೆ ಒಡೆದಿಲ್ಲ! ಕಾಲ ಕೆಳಗಿನ ನೆಲವೇ ಕೈಕೊಟ್ಟಿದೆ. ಈಗ ಅಪ್ಪ ಒಂದೇ ಹಟ. "ನಮ್ಮ ಎರೆ ಮಣ್ಣೂ ಇಂಥದ್ದೇ. 1993ರಲ್ಲಿ ಭೂಕಂಪ ಆದ ಕಿಲ್ಲಾರಿ ಇಲ್ಲೇ ಹತ್ತಿರ ಇದೆ. ಹೊಲದಲ್ಲಿ ಮನೆ ಬೇಡ." ತಿಳಿದವರು ಸ್ವಲ್ಪ ಹೇಳಿ.

ಗೌಂಡಿ ಕಾಕಾ
ನಿಮ್ಮ ಅಪ್ಪ ಹೇಳೋದು ಸುಳ್ಳಲ್ಲ ತಮ್ಮಾ. ಎರೆ ಮಣ್ಣಿಗೆ ಭೂಕಂಪವೇ ಬೇಕಾಗಿಲ್ಲ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಹೋಗುವಂಥ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಬಾಗಿಲ ಮೂಲೆಯಿಂದ ಓರೆಯಾಗಿ ಗೋಡೆ ಸೀಳಿದ ಮನೆ ನಮ್ಮ ಕಡೆ ಓಣಿಗೊಂದು ಇವೆ. ಅಂಥ ನೆಲ ಅಲುಗಾಡಿದರೆ ಬಿಡುತ್ತದಾ?

ಜತ್ತದ ಸಿವಿಲ್ ಅಕ್ಕ
ಕಾಕಾ, ಎರಡು ಬೇರೆ ರೋಗ ಒಂದೇ ಚೀಟಿಯಲ್ಲಿ ಬರೆದಿರಿ. ಎರೆ ಉಬ್ಬೋದು, ಕುಗ್ಗೋದು ನಿಜ. ಆದರೆ ನೀಗಾಟಾದಲ್ಲಿ ಆದದ್ದು ಅದಲ್ಲ.

ಅಲ್ಲಿ ನದಿ ತಂದು ಹಾಕಿದ ಸಡಿಲ ಉಸುಕು ಇತ್ತು, ಸಂದುಗಳಲ್ಲಿ ನೀರು ತುಂಬಿಕೊಂಡಿತ್ತು. ಜೋರಾಗಿ ಅಲುಗಾಡಿದಾಗ ಉಸುಕಿನ ಕಾಳುಗಳು ಒತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಅಷ್ಟು ಬೇಗ ಹೊರಗೆ ಹೋಗಲು ದಾರಿ ಇರುವುದಿಲ್ಲ. ನೀರಿನ ಒತ್ತಡ ಏರುತ್ತದೆ, ಕಾಳಿಗೆ ಕಾಳಿನ ಹಿಡಿತ ತಪ್ಪುತ್ತದೆ. ಆ ಹೊತ್ತಿಗೆ ನೆಲ ಅನ್ನೋದು ನೆಲವಾಗಿ ಉಳಿಯುವುದಿಲ್ಲ, ದ್ರವ ಆಗುತ್ತದೆ. ಭಾರದ ಕಟ್ಟಡ ಮುಳುಗುತ್ತದೆ ಇಲ್ಲವೇ ವಾಲುತ್ತದೆ, ಹೂತಿಟ್ಟ ಖಾಲಿ ಟಾಕಿ ಮೇಲೆ ತೇಲಿ ಬರುತ್ತದೆ. ಇದಕ್ಕೆ ಲಿಕ್ವಿಫ್ಯಾಕ್ಷನ್ ಅಂತಾರೆ. ಸಡಿಲ ಉಸುಕು, ಮೇಲ್ಮಟ್ಟದಲ್ಲೇ ನೀರು, ದೊಡ್ಡ ಅಲುಗಾಟ, ಮೂರೂ ಕೂಡಬೇಕು. ಎರೆ ಅಂಟು ಮಣ್ಣು. ಅದರ ಕಣಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಅದು ಹೀಗೆ ನೀರಾಗುವುದಿಲ್ಲ.

ಕಬ್ಬಿನಗದ್ದೆ
ಹಂಗಾದ್ರೆ 2018ರಲ್ಲಿ ಇಂಡೋನೇಷ್ಯಾದ ಪಾಲು ಊರಲ್ಲಿ ಆದದ್ದೇನು ಅಕ್ಕಾ? ಪೆಟೋಬೋ ಅನ್ನೋ ಕಡೆ ಮನೆಗಳ ಸಮೇತ ನೆಲ ಹರಿದುಕೊಂಡು ಹೋಯಿತು. ಗುಡ್ಡ ಅಲ್ಲ, ಮಟ್ಟಸ ಅನ್ನಿಸುವಂಥ ಜಾಗ. ಮೇಲ್ಗಡೆ ಗದ್ದೆಗೆ ಕಾಲುವೆ ನೀರು ಬಿಟ್ಟು ಬಿಟ್ಟು ನೆಲ ನೆನೆದಿತ್ತು ಅಂತಾರೆ. ನಮ್ಮಲ್ಲೂ ಉಜನಿ ಅಣೆಕಟ್ಟಿನ ನೀರು ಬಂದಮೇಲೆ ಕಬ್ಬಿಗೆ ನೀರು ಬಿಡೋದು ನಿಂತದ್ದೇ ಇಲ್ಲ. ಬಾವಿ ನೀರು ಮೇಲೆ ಬಂದಿದೆ. ಅದರ ಲೆಕ್ಕ ಯಾರು ಹಿಡಿಯೋರು?

ಜತ್ತದ ಸಿವಿಲ್ ಅಕ್ಕ
ಒಳ್ಳೆ ಪ್ರಶ್ನೆ. ಪಾಲುವಿನಲ್ಲಿ ಕಾಲುವೆ ನೀರಿನ ಪಾಲು ದೊಡ್ಡದೇ. ಆದರೆ ಅಲ್ಲಿ ಕೆಳಗಿದ್ದದ್ದು ಹೊಳೆ ತಂದ ಸಡಿಲ ಉಸುಕು-ಹೂಳು, ಮೇಲಾಗಿ ಭೂಕಂಪ 7.5ರದ್ದು. ನಮ್ಮಲ್ಲಿ ಎರೆಯ ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ನೀರು ಎಷ್ಟೇ ಏರಲಿ, ಉಸುಕೇ ಇಲ್ಲದಿದ್ದರೆ ಆ ಆಟ ನಡೆಯುವುದಿಲ್ಲ.

ಆದರೆ ನದಿ ದಂಡೆಗೆ ತೀರಾ ಹತ್ತಿರ ಇದ್ದರೆ ನಾನು ಹೀಗೆ ಕಣ್ಣು ಮುಚ್ಚಿ ಹೇಳುವುದಿಲ್ಲ. ಹಳೇ ಹೊಳೆ ದಾರಿ, ಮುಚ್ಚಿದ ಕೆರೆ, ಮುಚ್ಚಿದ ಬಾವಿ, ಇವುಗಳ ಮೇಲೆ ಸೈಟು ಇದ್ದರೆ ಮೊದಲು ಅಗೆದು ನೋಡಿ. 1934ರ ಬಿಹಾರ ಭೂಕಂಪದಲ್ಲಿ ಮೈಲುಗಟ್ಟಲೆ ಹೊಲಗಳಲ್ಲಿ ಉಸುಕು, ನೀರು ಚಿಮ್ಮಿ ಬಾವಿಗಳೇ ತುಂಬಿಹೋದವು. 2001ರ ಗುಜರಾತ್ ಭೂಕಂಪದಲ್ಲಿ ಕಚ್ಛದ ರಣದಲ್ಲೂ ಹಾಗೇ. ಅಲ್ಲಿ ಚಾಂಗ್, ಟಪ್ಪರ್ ಥರದ ಮಣ್ಣಿನ ಅಣೆಕಟ್ಟುಗಳು ಕುಸಿದದ್ದೂ ಬುಡದ ನೆಲ ಸಡಿಲಾಗಿ. ಇಂಥ ಜಾಗದ ಪರೀಕ್ಷೆ ಬಾಯಿಮಾತಲ್ಲಿ ಆಗುವುದಿಲ್ಲ, ಬೋರ್ ಹಾಕಿಸಿ ಮಣ್ಣು ತೆಗೆಸಬೇಕು.

ಉಮರ್ಗಾ ಮೇಷ್ಟ್ರು
ನಾನು ಕಿಲ್ಲಾರಿ ವಿಷಯಕ್ಕೆ ಬರುತ್ತೇನೆ. ಅದರ ಹೆಸರು ಹೇಳಿ ಎಲ್ಲರೂ ನೆಲಕ್ಕೆ ಬಯ್ಯುತ್ತಿದ್ದೀರಿ, ಅದಕ್ಕೇ.

1993 ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಸ್ವಲ್ಪ ಇತ್ತು. ಹಿಂದಿನ ರಾತ್ರಿ ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ನಾನಾಗ ಉಮರ್ಗಾದಲ್ಲಿ ಹೊಸದಾಗಿ ನೌಕರಿ ಸೇರಿದ್ದೆ. ಆಮೇಲೆ ಸಾಸ್ತೂರ ಕಡೆ ಅಕ್ಕಿ, ಕಂಬಳಿ ಹಂಚಲು ಹೋದವರಲ್ಲಿ ನಾನೂ ಒಬ್ಬ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಮನೆಗಳು ನೆಲದೊಳಗೆ ಹೋಗಿರಲಿಲ್ಲ. ಕಲ್ಲಿನ ಗುಡ್ಡೆ ಆಗಿದ್ದವು. ಎಷ್ಟೋ ಮನೆಗಳಲ್ಲಿ ಸಾಗವಾನಿ ಕಂಬ, ತೊಲೆ ನಿಂತಲ್ಲೇ ನಿಂತಿವೆ, ಸುತ್ತಲಿನ ಗೋಡೆ ಮಾತ್ರ ಇಲ್ಲ.

ಗೋಡೆ ಎರಡು-ಮೂರು ಅಡಿ ದಪ್ಪ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡೂ ಸಾಲಿಗೆ ಅಡ್ಡ ಹಾಯುವ ಉದ್ದ ಕಲ್ಲೇ ಇಲ್ಲ. ಅಲುಗಾಡಿದ ಕೂಡಲೇ ಒಂದು ಸಾಲು ಒಳಗೆ, ಒಂದು ಸಾಲು ಹೊರಗೆ. ಮೇಲೆ ಮಣ್ಣಿನ ಮಾಳಿಗೆ. ಸೋರುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ಮಣ್ಣಿನ ಮೇಲೆ ಮಣ್ಣು ಹಾಕಿ ಕೆಲವು ಕಡೆ ಎರಡಡಿ ಆಗಿತ್ತು. ಸತ್ತವರು ಹತ್ತು ಸಾವಿರದ ಹತ್ತಿರ. ನೆಲ ಯಾರನ್ನೂ ನುಂಗಲಿಲ್ಲ.

ಹಳೇವಾಡೆ
ಮೇಷ್ಟ್ರೇ, ಗೌರವ ಇಟ್ಟೇ ಹೇಳ್ತೀನಿ. ಈ ಮಾತು ಕೇಳಿ ಕೇಳಿಯೇ ನಮ್ಮ ಕಡೆ ಚೆಂದದ ವಾಡೆಗಳನ್ನೆಲ್ಲ ಕೆಡವಿ ಸಿಮೆಂಟ್ ಡಬ್ಬಿ ಕಟ್ಟಿದರು. ಒಳಗೆ ಬೇಸಿಗೆಯಲ್ಲಿ ಕೂರೋಕಾಗಲ್ಲ. ಅಕ್ಕಲಕೋಟೆಯಲ್ಲಿ ನಮ್ಮ ವಾಡೆ 1967ರ ಕೊಯ್ನಾ ಭೂಕಂಪ ನೋಡಿದೆ, 1993ರದ್ದೂ ನೋಡಿದೆ, ಒಂದು ಕಲ್ಲು ಅಲುಗಿಲ್ಲ. 2001ರಲ್ಲಿ ಭುಜ್‌ನಿಂದ ಇನ್ನೂರು ಕಿ.ಮೀ. ಮೇಲೆ ದೂರದ ಅಹಮದಾಬಾದಿನಲ್ಲಿ ಬಿದ್ದದ್ದು ಏನು? ಕಾಂಕ್ರೀಟು. ಸುಮ್ನೆ ಕಲ್ಲಿನ ಮೇಲೆ ತಪ್ಪು ಹೊರಿಸಬೇಡಿ.

ಉಮರ್ಗಾ ಮೇಷ್ಟ್ರು
ಕೊಯ್ನಾ ನಿಮ್ಮ ಊರಿಂದ ಎಷ್ಟು ದೂರ ರೀ! ಕಿಲ್ಲಾರಿಯೂ ಅಕ್ಕಲಕೋಟೆಗೆ ನೇರ ಗೆರೆ ಎಳೆದರೆ 70 ಕಿ.ಮೀ. ಆಸುಪಾಸು. ನಿಮ್ಮ ವಾಡೆ ಪರೀಕ್ಷೆ ಬರೆದೇ ಇಲ್ಲ, ಪಾಸಾದೆ ಅಂತೀರಲ್ಲ.

ಹಳೇವಾಡೆ
ಸರಿ ಸರ್. ಆದ್ರೆ ಅಹಮದಾಬಾದಿಗೆ ಉತ್ತರ ಬರಲಿಲ್ಲ.

ಜತ್ತದ ಸಿವಿಲ್ ಅಕ್ಕ
ಅಹಮದಾಬಾದಿನ ಉತ್ತರ ನಾನು ಕೊಡ್ತೀನಿ ಅಣ್ಣಾ, ಅದು ಪ್ರಶ್ನೆ ಕೇಳಿದ ತಮ್ಮನ ಮನೆಗೂ ಬೇಕು. ಅಲ್ಲಿ ಬಿದ್ದವುಗಳಲ್ಲಿ ಜಾಸ್ತಿ ಕಟ್ಟಡಗಳಿಗೆ ಕೆಳಗೆ ಗೋಡೆಯೇ ಇರಲಿಲ್ಲ, ಪಾರ್ಕಿಂಗ್ ಅಂತ ಖಾಲಿ ಬಿಟ್ಟಿದ್ದರು. ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆ ಗೋಡೆ ತುಂಬಿ ಗಟ್ಟಿ, ಕೆಳಗೆ ಬರೀ ಕಾಲಮ್. ಅಲುಗಾಟವೆಲ್ಲ ಆ ಕಾಲಮ್‌ಗಳ ಮೇಲೆ ಬಂತು. ಜೊತೆಗೆ ಸಾಬರಮತಿ ತಂದು ಹಾಕಿದ ಆಳದ ಮೆತ್ತನೆ ಮಣ್ಣು. ಮೆತ್ತನೆ ಮಣ್ಣು ಅಲೆಯನ್ನು ದೊಡ್ಡದು ಮಾಡುತ್ತದೆ. 1985ರಲ್ಲಿ ಮೆಕ್ಸಿಕೋ ನಗರದಲ್ಲಿ ಆದದ್ದೂ ಇದೇ. ಭೂಕಂಪ ಸಮುದ್ರದ ದಂಡೆಯಲ್ಲಿ, ಊರು 350 ಕಿ.ಮೀ. ಆಚೆ. ಹಳೇ ಕೆರೆ ತಳದ ಮೇಲೆ ಕಟ್ಟಿದ್ದ ಭಾಗ ಬಿತ್ತು, ಗಟ್ಟಿ ನೆಲದ ಭಾಗಕ್ಕೆ ಅಷ್ಟು ಏಟು ಬೀಳಲಿಲ್ಲ. ಹಾಗಾಗಿ ಕಾಕಾನ ಮಾತಿನಲ್ಲಿ ಅರ್ಧ ಹುರುಳಿದೆ. ಆಳವಾದ ಎರೆ ನೀರಾಗದಿದ್ದರೂ ಅಲುಗಾಟ ಹೆಚ್ಚಿಸಬಹುದು. ಪಾಯಾ ಗರಸಿಗೆ ಇಳಿಯಲಿ.

ಇನ್ನೊಂದು ಹೋಲಿಸಿ ನೋಡಿ. 2011ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಆದ ಭೂಕಂಪವೂ ಕಿಲ್ಲಾರಿಯಷ್ಟೇ, 6.2 ಆಸುಪಾಸು. ಅಲ್ಲೂ ಊರ ಬುಡದಲ್ಲೇ, ಹೆಚ್ಚು ಆಳವಿಲ್ಲದ ಕಡೆ. ಅಲ್ಲಿ ಸತ್ತವರು 185. ಮರದ ಹಗುರ ಮನೆಗಳು, ಜನರ ಮೇಲೆ ಬೀಳಲಿಲ್ಲ. ಆದರೆ ನೆಲ ಲಿಕ್ವಿಫೈ ಆಗಿ, ಬೀದಿಯೆಲ್ಲ ಬೂದು ಹೂಳು ತುಂಬಿ, ಸುಮಾರು 8,000 ಮನೆಗಳ ಜಾಗವನ್ನು ಸರ್ಕಾರ ಖಾಲಿ ಮಾಡಿಸಬೇಕಾಯಿತು. ನೆಲ ಸೋತರೆ ಸೈಟು ಹೋಗುತ್ತದೆ. ಗೋಡೆ ಸೋತರೆ ಮಲಗಿದವರು ಹೋಗುತ್ತಾರೆ. ನಮ್ಮ ಸೀಮೆಯ ಭಯ ಎರಡನೆಯದು.

ಹಳೇವಾಡೆ
ಅಂದ್ರೆ ಕಲ್ಲು ಬೇಡ್ವೇ ಬೇಡ ಅಂತೀರಾ?

ಜತ್ತದ ಸಿವಿಲ್ ಅಕ್ಕ
ಅಲ್ಲ. ಕಲ್ಲಿನ ಗೋಡೆಗೆ ಅಡ್ಡ ಹಾಯುವ ಕಲ್ಲು ಹಾಕಿ, ಬಾಗಿಲ ಮೇಲೆ ಮನೆ ಸುತ್ತ ಒಂದೇ ಸಮ ಕಾಂಕ್ರೀಟ್ ಪಟ್ಟಿ ಓಡಿಸಿ, ಮಾಳಿಗೆ ಮಣ್ಣು ಕಡಿಮೆ ಮಾಡಿ, ಕಂಬ-ತೊಲೆ ಕೂಡುವ ಕಡೆ ಓರೆ ಆಸರೆ ಕೊಡಿ. ಕಿಲ್ಲಾರಿ ಆದಮೇಲೆ ಅಲ್ಲಿಯ ಹಳೇ ಮನೆಗಳಿಗೆ ಹೇಳಿದ ರಿಪೇರಿಯೂ ಇದೇ. ನಿಮ್ಮ ವಾಡೆ ಉಳಿಸಬೇಕು ಅಂದ್ರೆ ಇದನ್ನು ಮಾಡಿಸಿ ಅಣ್ಣಾ, ನನ್ನದೇನೂ ತಕರಾರಿಲ್ಲ.

ಕಬ್ಬಿನಗದ್ದೆ
ನಮ್ಮ ಭಾಗ ಭೂಕಂಪದ ನಕ್ಷೆಯಲ್ಲೇ ಇಲ್ಲ ಅಂತ ಒಬ್ಬ ಕಂತ್ರಾಟುದಾರ ಹೇಳಿದ್ದ.

ಉಮರ್ಗಾ ಮೇಷ್ಟ್ರು
ಅವನು ಹಳೇ ನಕ್ಷೆ ನೋಡಿರಬೇಕು. 1993ರಲ್ಲಿ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಭಯದ ಕಡೆ. ಹಿಂದಿನ ವರ್ಷ, 1992ರಲ್ಲಿ, ಅಲ್ಲೇ ಸಣ್ಣ ಸಣ್ಣ ಕಂಪನ ಆಗಿ ಜನ ಹೆದರಿದ್ದರು. 2002ರಲ್ಲಿ ನಕ್ಷೆ ತಿದ್ದಿದಾಗ ವಲಯ 1 ಅನ್ನೋದನ್ನೇ ತೆಗೆದು ಕಿಲ್ಲಾರಿ ಸೀಮೆಯನ್ನು ವಲಯ 3ಕ್ಕೆ ಹಾಕಿದರು. ಸೊಲ್ಲಾಪುರವೂ 3ರಲ್ಲೇ ಬಂತು.

ಗೌಂಡಿ ಕಾಕಾ
ಅಕ್ಕ ಹೇಳಿದ್ದರಲ್ಲಿ ಪಾಯಾ ಮಾತು ಒಪ್ಪಿದೆ. ಎರೆ ಪೂರಾ ತೆಗೆದು ಗರಸು ಹತ್ತುವವರೆಗೆ ಅಗೆಯಬೇಕು, ಅದು ನಮ್ಮ ಹಿರಿಯರ ರೂಢಿಯೂ ಹೌದು. ಆದರೆ ಇಂಜಿನಿಯರು ನಕ್ಷೆ ಬರೆದುಕೊಟ್ಟು ಹೋಗುತ್ತಾರೆ, ಕಬ್ಬಿಣ ಕಟ್ಟುವಾಗ ಯಾರೂ ಇರೋದಿಲ್ಲ. ಕಾಲಮಿನ ಉದ್ದ ಕಬ್ಬಿಣಕ್ಕೆ ಸುತ್ತುವ ರಿಂಗನ್ನು ಹುಡುಗರು ಎಂಟಿಂಚಿಗೊಂದು ಕಟ್ಟಿ ಕೈ ತೊಳೀತಾರೆ. ಮೇಲಿಂದ ಕಾಂಕ್ರೀಟ್ ಬಿದ್ದಮೇಲೆ ಯಾರಿಗೆ ಕಾಣುತ್ತೆ?

ಜತ್ತದ ಸಿವಿಲ್ ಅಕ್ಕ
ಕಾಕಾ, ಇದನ್ನೇ ನಾನು ಹೇಳಬೇಕು ಅಂತಿದ್ದೆ. ಕಾಲಮಿನ ತಲೆ, ಬುಡ ಎರಡೂ ಕಡೆ ರಿಂಗು ನಾಲ್ಕಿಂಚಿಗಿಂತ ದೂರ ಇರಬಾರದು. ರಿಂಗಿನ ತುದಿ 90 ಡಿಗ್ರಿಗೆ ಮಡಚಿ ಬಿಟ್ಟರೆ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತದೆ, 135 ಡಿಗ್ರಿ ಒಳಕ್ಕೆ ಬಾಗಿಸಿ ಕಾಲಮಿನ ಹೊಟ್ಟೆಗೆ ಸೇರಿಸಬೇಕು. ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಮನೆ ಯಜಮಾನನೇ ಟೇಪು ಹಿಡಿದು ಹೋಗಿ ಅಳೆಯಲಿ. ಇದಕ್ಕೆ ಡಿಗ್ರಿ ಬೇಕಾಗಿಲ್ಲ.

ಭೀಮಾದಂಡೆ
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಮೇಷ್ಟ್ರು ಬರೆದದ್ದು ಓದಿ ಹೇಳಿದೆ, ಸ್ವಲ್ಪ ಮೆತ್ತಗಾದರು. ಮೊದಲು ಗುಂಡಿ ತೋಡಿಸಿ ಗರಸು ಎಷ್ಟಕ್ಕೆ ಹತ್ತುತ್ತದೆ ನೋಡುತ್ತೇವೆ. ಒಂದೇ ಅನುಮಾನ. ಕೆಳಗೆ ಮೂರು ಅಂಗಡಿ ಅಂದೆನಲ್ಲ, ಮುಂಭಾಗ ಪೂರ್ತಿ ಶಟರ್. ಅದೂ ಅಹಮದಾಬಾದ್ ಲೆಕ್ಕವೇ?

ಜತ್ತದ ಸಿವಿಲ್ ಅಕ್ಕ
ಅದೇ ಲೆಕ್ಕ. ಹಿಂದೆ, ಎರಡೂ ಬದಿ ಗೋಡೆ, ಮುಂದೆ ಪೂರಾ ಖಾಲಿ ಅಂದ್ರೆ ಕಟ್ಟಡ ತಿರುಚಿಕೊಳ್ಳುತ್ತದೆ. ಎರಡು ಶಟರ್ ಇಡಿ. ಮೂರನೇದರ ಜಾಗದಲ್ಲಿ ಪಾಯಾದಿಂದ ಸ್ಲ್ಯಾಬಿನವರೆಗೆ ಕಾಂಕ್ರೀಟ್ ಗೋಡೆ ಎಬ್ಬಿಸಿ. ಎಲ್ಲಿ, ಎಷ್ಟು ದಪ್ಪ ಅನ್ನೋದನ್ನು ನಿಮ್ಮ ಇಂಜಿನಿಯರಿಂದ ಬರೆಸಿಕೊಳ್ಳಿ.

ಭೀಮಾದಂಡೆ
ಒಂದು ಅಂಗಡಿ ಬಾಡಿಗೆ ಹೋಗುತ್ತಲ್ಲ ಅಕ್ಕಾ.

ಜತ್ತದ ಸಿವಿಲ್ ಅಕ್ಕ
ಹೋಗುತ್ತೆ.