ಹಿಂದಿನ ಖಾಲಿ ಪ್ಲಾಟಿನ ಬೆಂಕಿ: ಇನ್ನು ಸುಮ್ನೆ ಕೂರೋಕಾಗಲ್ಲ (ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು)

ಮನೆ 11, ಬೆಳಗ್ಗೆ 5:40
ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಮತ್ತೆ ಅದೇ ಪ್ಲಾಟು, ಅದೇ ಒಣ ಹುಲ್ಲು. ಈ ಸಲ ಬೆಂಕಿ ಪಕ್ಕದ ವರ್ಕ್‌ಶಾಪ್ ಶೆಡ್ಡಿನ ಕಾಂಪೌಂಡ್ ತನಕ ಹೋಯಿತು. ಗೋಡೆಯ ಆ ಕಡೆ ಪೇಂಟಿಗೆ ಬೆರೆಸೋ ಥಿನ್ನರ್ ಡ್ರಮ್ಮು, ವೆಲ್ಡಿಂಗ್ ಸಿಲಿಂಡರ್. ಅಮ್ಮನನ್ನು ಕುರ್ಚಿ ಸಮೇತ ಎತ್ತಿಕೊಂಡು ಮೇನ್ ರೋಡಿಗೆ ಓಡಿದೆವು. ಕೈ ಮುಗಿಯೋ ಚಿತ್ರ ಹಾಕಬೇಡಿ. ಏನು ಮಾಡ್ತೀರಿ, ಅದನ್ನು ಹೇಳಿ.

ಮನೆ 4
ಕಸಕ್ಕೆ ಬೆಂಕಿ ಹಚ್ಚಿದ್ದು 2ನೇ ಕ್ರಾಸಿನವರು. ಮೊದಲು ಅದು ಇತ್ಯರ್ಥ ಆಗಲಿ.

ಮನೆ 23
ನೀವು ನೋಡಿದ್ರೇನ್ರೀ? ನಮ್ಮ ಕ್ರಾಸಿಗೆ ಕಸದ ಗಾಡಿ ಬರೋದೇ ಇಲ್ಲ. ಅದರ ಬಗ್ಗೆ ಒಂದಿನವೂ ಮಾತಾಡಿಲ್ಲ ನೀವು.

ಮನೆ 4
ಗಾಡಿ ಬರಲಿಲ್ಲ ಅಂತ ಕಡ್ಡಿ ಗೀರೋದಾ? ಪ್ಲಾಟಿನ ಮಾಲೀಕ ರೇಟು ಏರಲಿ ಅಂತ ಪುಣೆಯಲ್ಲಿ ಕೂತಿದ್ದಾನೆ. ಅವನ ಮೇಲೂ ಕೇಸ್, ಶೆಡ್ಡಿನವನ ಮೇಲೂ ಕೇಸ್.

ಮನೆ 30
🌹 ಶುಭೋದಯ. ನಗುನಗುತ್ತಾ ಇರಿ, ಆರೋಗ್ಯವಾಗಿರಿ 🌹

ಮನೆ 9
ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲೇ ಕೂದಲು ನರೆಸಿಕೊಂಡವನು ನಾನು, ಸ್ವಲ್ಪ ಕೇಳಿ. ಬೆಂಕಿ ಗೋಡೆ ದಾಟಬೇಕು ಅಂತಲೇ ಇಲ್ಲ. ಕಿಡಿ ಹಾರಿ ಒಳಗಿನ ರಟ್ಟು, ಎಣ್ಣೆ ಬಟ್ಟೆ ಮೇಲೆ ಬಿದ್ದರೂ ಸಾಕು. ಥಿನ್ನರ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಗಟಾರದ ತನಕ ಹರಿಯುತ್ತದೆ. ಅಲ್ಲಿ ಕಿಡಿ ತಾಗಿದರೆ ಬೆಂಕಿ ವಾಪಸ್ ಡ್ರಮ್ಮಿಗೇ ಬರುತ್ತದೆ. ವೆಲ್ಡಿಂಗ್ ಗ್ಯಾಸ್ ಮಾಡೋ ಕಾರ್ಬೈಡ್ ಕಲ್ಲು ಇಟ್ಟಿದ್ದರಂತೂ ನೀರು ಹಾಕಲೇಬಾರದು, ಹೊತ್ತಿ ಉರಿಯೋ ಅಸಿಟಿಲೀನ್ ಗ್ಯಾಸ್ ಏಳುತ್ತದೆ. ನಿನ್ನೆ ಹುಡುಗರು ಬಕೆಟ್ ಹಿಡಿದು ಅಲ್ಲಿಗೇ ಓಡಿದ್ದರು! ಒಳಗೆ ಏನಿದೆ, ಎಷ್ಟಿದೆ, ಯಾವ ಮೂಲೆಯಲ್ಲಿದೆ, ಆ ಪಟ್ಟಿ ಮೊದಲು ಬೇಕು. ಗೋಡೆಗುಂಟ ಹುಲ್ಲು ಕೆತ್ತಿಸಿ ಬರೀ ಮಣ್ಣು ಬಿಡಬೇಕು.

ಮನೆ 17
ಕಾಕಾ ಹೇಳಿದ್ದು ಸರಿ. 2024ರ ಆಗಸ್ಟ್‌ನಲ್ಲಿ ನಾವಗೆ ಊರಿನ ಹತ್ತಿರ ಟೇಪ್ ಕಾರ್ಖಾನೆ ಸುಟ್ಟು ಒಬ್ಬ ಕಾರ್ಮಿಕ ತೀರಿಕೊಂಡ. ಅದು ಮಳೆಗಾಲ. ಈಗ ಎಲ್ಲ ಒಣಗಿದೆ. ಭೋಪಾಲ್ ಅನಿಲ ದುರಂತ ಆದ ಮೇಲೆ ಬಂದ 1989ರ ಅಪಾಯಕಾರಿ ರಾಸಾಯನಿಕ ನಿಯಮದಲ್ಲಿ ಸುತ್ತಲಿನ ಜನರಿಗೆ ಮೊದಲೇ ತಿಳಿಸಬೇಕು ಅಂತಿದೆ. ಆದರೆ ಅದು ದಾಸ್ತಾನು ಮಿತಿ ದಾಟಿದ ಜಾಗಕ್ಕೆ ಮಾತ್ರ. ಸಣ್ಣ ಶೆಡ್ಡು ತಪ್ಪಿಸಿಕೊಳ್ಳಬಹುದು. ಅದಕ್ಕೇ ಅಗ್ನಿಶಾಮಕ ಠಾಣೆಗೂ ಕಾರ್ಖಾನೆ ಇಲಾಖೆಗೂ ಅರ್ಜಿ ಕೊಟ್ಟು ತಪಾಸಣೆ ಕೇಳೋಣ. ನಾನು ಬರೆಯುತ್ತೇನೆ, ಸಹಿ ಹಾಕಿ.

ಮನೆ 11
ನನ್ನದು ಮೊದಲ ಸಹಿ, ವೈನಿ.

ಮನೆ 4
ಅರ್ಜಿಯಿಂದ ಏನೂ ಆಗಲ್ಲ. ಟಿವಿಯವರನ್ನು ಕರೆಸುತ್ತೇನೆ. ಅಲ್ಲಿಯ ತನಕ ಯಾರೂ ಸಹಿ ಹಾಕಬೇಡಿ.

ಮನೆ 6
ಅದಿರಲಿ, ಅಗ್ನಿಶಾಮಕ ಗಾಡಿ ತಿರುವಿನಲ್ಲೇ ಸಿಕ್ಕಿಕೊಂಡಿತ್ತಲ್ಲ? ಆ ಟೆಂಪೋ ಯಾರದ್ದು?

ಮನೆ 23
ನಮ್ಮದು. ಒಳಗೆ ಜಾಗ ಇಲ್ಲ, ಎಲ್ಲಿ ನಿಲ್ಲಿಸಲಿ? ಮನೆ 4ರವರ ಎರಡು ಕಾರೂ ರೋಡಿನ ಮೇಲೇ ಇರುತ್ತವೆ.

ಮನೆ 4
ನನ್ನ ಕಾರು ನನ್ನ ಗೇಟಿನ ಮುಂದಿದೆ!

ಮನೆ 30
ಸ್ಕೂಲ್ ವ್ಯಾನ್ ಕೂಡ ತಿರುಗೋಕೆ ಆಗ್ತಿಲ್ಲ.

ಮನೆ 6
ಹಾಗಾದ್ರೆ ಭಾನುವಾರ 10ಕ್ಕೆ ಗಣಪತಿ ಗುಡಿ ಹತ್ತಿರ ಸೇರೋಣ. ವಿಷಯ ಪಾರ್ಕಿಂಗ್.

ಮನೆ 17
ಅರ್ಜಿಯನ್ನೂ ತರುತ್ತೇನೆ. ಇನ್ನೂ ಎರಡೇ ಸಹಿ ಆಗಿವೆ.

ಮನೆ 4
ಮೊದಲು ಪಾರ್ಕಿಂಗ್ ಮುಗಿಸೋಣ. ಯಾರ ಹತ್ತಿರ ಎಷ್ಟು ಗಾಡಿ ಇವೆ, ಎಲ್ಲರೂ ಇಲ್ಲೇ ಬರೆಯಿರಿ.

ಮನೆ 30
ಒಂದು ಕಾರು, ಒಂದು ಸ್ಕೂಟಿ.