ನೆರೆ, ವಾಂತಿಭೇದಿ ಬಂದಾಗ ವಿಕಲಚೇತನರಿಗೆ ಪಂಚಾಯಿತಿ ಮಟ್ಟದ ಯೋಜನೆ: ಪಟ್ಟಿ ಇದೆ, ಮುಂದೇನು?

ಕೃಷ್ಣಾದಂಡೆ:
ನಮಸ್ಕಾರ. ರಾಯಚೂರು ಜಿಲ್ಲೆ, ನದಿ ಪಕ್ಕದ ಪಂಚಾಯಿತಿಯಲ್ಲಿ ನಾನು ವಿಆರ್‌ಡಬ್ಲ್ಯೂ (ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ). ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ನಮ್ಮ ಎರಡು ಹಳ್ಳಿಗಳ ರಸ್ತೆ ಮುಳುಗುತ್ತದೆ, ಕರೆಂಟ್ ತೆಗೆಯುತ್ತಾರೆ, ನೀರು ಇಳಿದ ಮೇಲೆ ವಾಂತಿಭೇದಿ ಶುರು. ಮಳೆಗಾಲಕ್ಕೆ ಮೊದಲೇ ವಿಕಲಚೇತನರಿಗಾಗಿ ಒಂದು ಯೋಜನೆ ಬರೆದುಕೊಡಿ ಎಂದು ಪಿಡಿಒ ಅವರು ಹೇಳಿದ್ದಾರೆ. ನನ್ನ ಹತ್ತಿರ 143 ಜನರ ಪಟ್ಟಿ ಇದೆ: ಹೆಸರು, ವಯಸ್ಸು, ವೈಕಲ್ಯದ ವಿಧ, ಶೇಕಡಾವಾರು, ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಸಂಖ್ಯೆ. ನೆರೆ ಸಂತ್ರಸ್ತರು ಉಳಿಯುವ ಕಾಳಜಿ ಕೇಂದ್ರ ಎಂದು ಗುರುತಿಸಿರುವುದು ಹೈಸ್ಕೂಲು. ಅಲ್ಲಿ ಮೂರು ಮೆಟ್ಟಿಲು, ಇಂಡಿಯನ್ ಶೌಚಾಲಯ. ಯಾರನ್ನು ಮೊದಲು ಸಾಗಿಸಬೇಕು, ಕೇಂದ್ರದಲ್ಲಿ ಕನಿಷ್ಠ ಏನಿರಬೇಕು, ಕಿವುಡರಿಗೂ ಅಂಧರಿಗೂ ಸೂಚನೆ ಮುಟ್ಟಿಸುವುದು ಹೇಗೆ, ಇದಕ್ಕೆಲ್ಲ ದುಡ್ಡು ಎಲ್ಲಿಂದ? ತಿಳಿದವರು ಹೇಳಿ.

ಪುನರ್ವಸತಿ_ಬಳ್ಳಾರಿ:
ಪಟ್ಟಿ ಇದ್ರ ಅರ್ಧ ಕೆಲಸ ಆದಂಗ ಅನ್ಕೋಬ್ಯಾಡ್ರಿ. ನಿಮ್ಮ ಪಟ್ಟಿ ಪಿಂಚಣಿಗೆ ಮಾಡಿದ್ದು, ನೆರಿಗೆ ಮಾಡಿದ್ದಲ್ಲ. ಶೇಕಡಾವಾರು ನೋಡಿ ಯಾರನ್ನ ಮೊದಲು ಸಾಗಿಸಬೇಕು ಅಂತ ತೀರ್ಮಾನ ಮಾಡಿದ್ರ ತಪ್ಪತೈತಿ. ಶೇ 100 ಅಂಧತ್ವ ಇರೋ ಗಟ್ಟಿ ಮನುಷ್ಯ ಇನ್ನೊಬ್ಬರ ಮೊಣಕೈ ಹಿಡಕೊಂಡು ನಡದು ಬರ್ತಾನ. ಶೇ 50 ಬೌದ್ಧಿಕ ವೈಕಲ್ಯ ಇದ್ದು ಜೊತಿಗೆ ಫಿಟ್ಸ್ ಇರೋ ಹುಡುಗನಿಗೆ ಎರಡು ದಿನ ಮಾತ್ರಿ ತಪ್ಪಿದ್ರ ಜೀವಕ್ಕ ಬರತೈತಿ.

ಇನ್ನ ಮುಂದಿಂದು ಬರವಣಿಗೆ ಕನ್ನಡದಾಗ ಹೇಳ್ತೀನಿ, ಯೋಜನೆಗೆ ಹಾಗೇ ಎತ್ತಿಕೊಳ್ಳಲು ಅನುಕೂಲ.

ಪಟ್ಟಿಗೆ ನಾಲ್ಕು ಕಾಲಂ ಸೇರಿಸಿ: ಕರೆಂಟ್, ಔಷಧ ಮತ್ತು ಸಾಮಗ್ರಿ, ಆಳು, ದಾರಿ. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ: ‘ಇದು ನಿಂತರೆ ಈ ವ್ಯಕ್ತಿ ಎಷ್ಟು ಹೊತ್ತು ತಡೆಯಬಲ್ಲರು?’ ಉತ್ತರವನ್ನು ಗಂಟೆಯಲ್ಲೋ ದಿನದಲ್ಲೋ ಬರೆಯಿರಿ. ಆಮ್ಲಜನಕದ ಯಂತ್ರದ ಮೇಲಿರುವವರಿಗೆ ನಿಮಿಷಗಳು. ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕಾದವರಿಗೆ ಎರಡು ಗಂಟೆ. ತಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಹಾಗಾಗಿ ಮುಂದಿನ ತಾರೀಕನ್ನೇ ಬರೆದಿಡಿ. ಅತಿ ಕಡಿಮೆ ಸಮಯದವರು ಮೇಲೆ ಬರುವಂತೆ ಜೋಡಿಸಿ. ಸಾಗಿಸುವ ಕ್ರಮ ಅದೇ. 143ರಲ್ಲಿ ನಿಜವಾಗಿ ಅವಸರದವರು ಕೆಲವರೇ ಇರುತ್ತಾರೆ. ಅವರನ್ನು ರಸ್ತೆ ಮುಳುಗುವ ಮೊದಲೇ, ಹಗಲಿನಲ್ಲೇ ಕಳಿಸಿಬಿಡಬೇಕು. ಊರಿನವರೆಲ್ಲ ಹೊರಡುವಾಗ ಇವರನ್ನೂ ಕರೆದೊಯ್ಯೋಣ ಎಂದರೆ ಟ್ರ್ಯಾಕ್ಟರ್ ತುಂಬಿರುತ್ತದೆ, ಎತ್ತುವ ಆಳುಗಳು ತಮ್ಮ ದನ ಬಿಚ್ಚುತ್ತಿರುತ್ತಾರೆ.

ಪ್ರಮಾಣಪತ್ರ ಇಲ್ಲದವರನ್ನು ಹಿಡಿಯಲು ಆಶಾ ಕಾರ್ಯಕರ್ತೆಯರಿಗೆ ವಾಷಿಂಗ್ಟನ್ ಗುಂಪಿನ (ವೈಕಲ್ಯದ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯಡಿ ರಚಿತವಾದ ಗುಂಪು) ಆರು ಪ್ರಶ್ನೆ ಕೊಡಿ: ನೋಡಲು, ಕೇಳಲು, ನಡೆಯಲು, ನೆನಪಿಡಲು, ಸ್ನಾನ-ಬಟ್ಟೆಗೆ, ಮಾತು ಅರ್ಥಮಾಡಿಕೊಳ್ಳಲು ಎಷ್ಟು ತೊಂದರೆ? ‘ಬಹಳ ತೊಂದರೆ’ ಅಥವಾ ‘ಆಗುವುದೇ ಇಲ್ಲ’ ಎಂದವರೆಲ್ಲ ಪಟ್ಟಿಗೆ. ‘ನಿಮ್ಮ ಮನೆಯಲ್ಲಿ ಅಂಗವಿಕಲರು ಇದ್ದಾರಾ’ ಎಂದು ಕೇಳಿದರೆ ವಯಸ್ಸಾದವರನ್ನು ಯಾರೂ ಹೇಳುವುದಿಲ್ಲ. ಆದರೆ ಈ ಆರು ಪ್ರಶ್ನೆಗಳಿಗೆ ಮಾನಸಿಕ ಕಾಯಿಲೆ ಇರುವವರು ಸಿಕ್ಕುವುದು ಕಡಿಮೆ. ಅವರ ವಿವರ ಪಿಎಚ್‌ಸಿಯ ಮಾತ್ರೆ ಕೊಡುವ ಪುಸ್ತಕದಿಂದಲೇ ಬರಬೇಕು.

ಕಾನೂನಿನ ಬಲ ಬೇಕಾದರೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಳ್ಳುವುದು, ಅಪಾಯದ ಸೂಚನೆ ಮುಟ್ಟಿಸುವುದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕರ್ತವ್ಯ. ರಾಷ್ಟ್ರೀಯ ಪ್ರಾಧಿಕಾರ 2019ರಲ್ಲಿ ಇದಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಪತ್ರ ಬರೆಯುವಾಗ ಎರಡನ್ನೂ ಉಲ್ಲೇಖಿಸಿ, ಎಂಆರ್‌ಡಬ್ಲ್ಯೂ (ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಮೂಲಕ ತಹಶೀಲ್ದಾರರಿಗೆ ಪ್ರತಿ ಕೊಡಿ.

ಸಿಸ್ಟರ್_ಪಿಎಚ್‌ಸಿ:
ಆರೋಗ್ಯದ ಭಾಗ ನಾನು ಹೇಳುತ್ತೇನೆ.

ಮೊದಲು ಆಮ್ಲಜನಕ. 5 ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ ಒಂದು 150 ಎಎಚ್ ಬ್ಯಾಟರಿ ಹೊಸದಿದ್ದರೂ ಮೂರು ಗಂಟೆಗಿಂತ ಹೆಚ್ಚು ನಂಬಬೇಡಿ. ಸೈನ್ ವೇವ್ ಇನ್ವರ್ಟರ್ ಅಲ್ಲದಿದ್ದರೆ ಕಂಪ್ರೆಸರ್ ಬಿಸಿಯಾಗಿ ನಿಂತುಹೋಗಬಹುದು. ಹಾಗಾಗಿ ಜೊತೆಗೆ ಒಂದು ಬಿ-ಟೈಪ್ ಸಿಲಿಂಡರ್ ಬೇಕೇ ಬೇಕು. ತುಂಬಿದ್ದರೆ 1,500 ಲೀಟರ್. ನಿಮಿಷಕ್ಕೆ 2 ಲೀಟರ್ ಎಂದರೆ ಹನ್ನೆರಡೂವರೆ ಗಂಟೆ. ಮುಳ್ಳು ಅರ್ಧಕ್ಕೆ ಬಂದಿದ್ದರೆ ಆರು ಗಂಟೆ ಎಂದೇ ಲೆಕ್ಕ ಹಾಕಿ. ಸಾಮಾನ್ಯವಾಗಿ ತಪ್ಪುವುದು ಸಣ್ಣದರಲ್ಲಿ: ಸಿಲಿಂಡರ್ ಬಂದಿರುತ್ತದೆ, ತಿರುಗಿಸುವ ಕೀಲಿಯೋ ರೆಗ್ಯುಲೇಟರೋ ಬಂದಿರುವುದಿಲ್ಲ. ಕೀಲಿಯನ್ನು ಸಿಲಿಂಡರಿನ ಕುತ್ತಿಗೆಗೇ ದಾರದಲ್ಲಿ ಕಟ್ಟಿಬಿಡಿ. ಅಡುಗೆ ಒಲೆಯಿಂದ ದೂರವಿರಲಿ.

ಮಾತ್ರೆ: ಫಿಟ್ಸ್ ಮತ್ತು ಮಾನಸಿಕ ಕಾಯಿಲೆಯವರಿಗೆ ಜೂನ್‌ನಿಂದಲೇ ಕನಿಷ್ಠ 14 ದಿನಗಳ ಹೆಚ್ಚುವರಿ ದಾಸ್ತಾನು ಮನೆಯಲ್ಲಿರಲಿ, ಜಿಪ್ ಕವರಿನಲ್ಲಿ, ಚೀಟಿಯ ನಕಲಿನ ಜೊತೆ. ಮಾನಸಿಕ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾದರೆ ಮೈಯಲ್ಲಿ ನೀರು ಕಡಿಮೆಯಾಗಿ ಅದೇ ಮಾತ್ರೆ ವಿಷವಾಗುತ್ತದೆ. ಅವರನ್ನು ಓಆರ್‌ಎಸ್ ಕೊಟ್ಟು ಕೂರಿಸಬೇಡಿ, ವೈದ್ಯರ ಹತ್ತಿರ ಕಳಿಸಿ. ಹಿಮೋಫಿಲಿಯಾ ಇರುವವರ ಫ್ಯಾಕ್ಟರ್ ಔಷಧ (ರಕ್ತ ಹೆಪ್ಪುಗಟ್ಟಿಸುವ ಚುಚ್ಚುಮದ್ದು) ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಲಸಿಕೆ ಕ್ಯಾರಿಯರ್ ಬಾಕ್ಸ್ ಒಂದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಬೆನ್ನುಹುರಿ ಪೆಟ್ಟಿನವರಿಗೆ ಕಾಳಜಿ ಕೇಂದ್ರದ ನೆಲವೇ ಶತ್ರು. ಸ್ಪರ್ಶ ಇಲ್ಲದ ಜಾಗದಲ್ಲಿ ಒತ್ತಡದ ಹುಣ್ಣು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ, ಮಾಯಲು ತಿಂಗಳುಗಳು ಬೇಕು. ಮಂಚ, ನಾಲ್ಕು ಇಂಚಿನ ಫೋಮ್ ಹಾಸಿಗೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿ. ನಳಿಗೆ ಹಾಕಿ ಮೂತ್ರ ತೆಗೆಯುವವರು ದಿನಕ್ಕೆ 4ರಿಂದ 6 ಸಲ ಮಾಡಬೇಕು, ಅದಕ್ಕೆ ಪರದೆ ಕಟ್ಟಿದ ಒಂದು ಮೂಲೆ, ಸೋಪು, ಶುದ್ಧ ನೀರು ಬೇಕು. ಬೆನ್ನುಹುರಿಗೆ ಎದೆಯಿಂದ ಮೇಲೆ ಪೆಟ್ಟಾದವರಿಗೆ ಏಕಾಏಕಿ ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗಿ ಬೆವರು ಬಂದರೆ ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ. ಎತ್ತಿ ಕೂರಿಸಿ, ಮೂತ್ರದ ನಳಿಗೆ ಮಡಚಿದೆಯೇ ನೋಡಿ, ತಕ್ಷಣ 108ಕ್ಕೆ ಕರೆ ಮಾಡಿ. ಬಿಪಿ ವಿಪರೀತ ಏರಿರುತ್ತದೆ.

ಇನ್ನೊಂದು, ಇದನ್ನು ಯಾರೂ ಬರೆಯುವುದಿಲ್ಲ. ಶೌಚಾಲಯಕ್ಕೆ ಹೋಗಲು ಆಗದ ಕಡೆ ವಿಕಲಚೇತನರು, ಅದರಲ್ಲೂ ಹೆಣ್ಣುಮಕ್ಕಳು, ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಅದರ ಮೇಲೆ ವಾಂತಿಭೇದಿ ಬಂದರೆ ಬೇರೆಯವರಿಗಿಂತ ಬೇಗ ನಿತ್ರಾಣವಾಗುತ್ತಾರೆ. ಅಂದರೆ ಶೌಚಾಲಯ ಸರಿಮಾಡುವುದೂ ವಾಂತಿಭೇದಿಯ ತಯಾರಿಯೇ. ನುಂಗಲು ಕಷ್ಟವಿರುವ ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಓಆರ್‌ಎಸ್ ಮಲಗಿಸಿ ಕುಡಿಸಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂರಿಸಿ, ಚಮಚದಲ್ಲಿ, ನಿಧಾನವಾಗಿ.

ಕಿವಿಯೋದುಗ:
ಸೂಚನೆಯ ಬಗ್ಗೆ. ಕಚೇರಿಗಳಿಂದ ಬರುವ ಸುತ್ತೋಲೆಗಳು ಒಂದೋ ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯ ಪಿಡಿಎಫ್. ಮೊದಲನೆಯದನ್ನು ನಮ್ಮ ಮೊಬೈಲಿನ ಸ್ಕ್ರೀನ್ ರೀಡರ್ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ, ಎರಡನೆಯದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಕೋವಿಡ್ ಕಾಲದಲ್ಲಿ ಕೋವಿನ್ ಜಾಲತಾಣದ ಕ್ಯಾಪ್ಚಾ ದಾಟುವುದೇ ದೊಡ್ಡ ಸಾಹಸವಾಗಿತ್ತು. ಲಸಿಕೆ 2021ರ ಜನವರಿಯಲ್ಲಿ ಶುರುವಾಯಿತು, ಓಡಾಡಲಾಗದವರಿಗೆ ಮನೆಯಲ್ಲೇ ಹಾಕಿ ಎಂಬ ಕೇಂದ್ರದ ಸೂಚನೆ ಬಂದಿದ್ದು ಸೆಪ್ಟೆಂಬರಿನಲ್ಲಿ. ನೀವು ಯುನಿಕೋಡ್‌ನಲ್ಲಿ ಟೈಪ್ ಮಾಡಿ ವಾಟ್ಸ್‌ಆ್ಯಪ್‌ಗೆ ನೇರ ಪಠ್ಯವಾಗಿಯೇ ಹಾಕಿ, ಜೊತೆಗೆ ಅರ್ಧ ನಿಮಿಷದ ಧ್ವನಿ ಸಂದೇಶ. ಖರ್ಚು ಸೊನ್ನೆ.

ಕಿವುಡರ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ: ಸಂಜ್ಞಾ ಭಾಷೆಯ ವಿಡಿಯೊ ಕಳಿಸಿದರೆ ಸಾಕು ಎಂದು. ಶಾಲೆ ಕಂಡವರಿಗೆ ಅದು ಬೇಕು, ಕೆಳಗೆ ಕನ್ನಡ ಅಕ್ಷರವೂ ಬೇಕು. ಆದರೆ ಹಳ್ಳಿಯಲ್ಲಿ ಶಾಲೆಗೇ ಹೋಗದ ಕಿವುಡರಿಗೆ ಗೊತ್ತಿರುವುದು ಮನೆಯವರ ಕೈಸನ್ನೆ ಮಾತ್ರ. ಅವರಿಗೆ ಪಕ್ಕದ ಮನೆಯ ಒಬ್ಬರನ್ನು ಹೆಸರು ಹಿಡಿದು ನಿಗದಿ ಮಾಡಿ. ರಾತ್ರಿ ಬಾಗಿಲು ಬಡಿದರೆ ಪ್ರಯೋಜನವಿಲ್ಲ, ಕಿಟಕಿಯಿಂದ ಟಾರ್ಚ್ ಆಡಿಸಬೇಕು. ‘ನೀರು ಬಂತು, ಹೊರಡು’ ಎಂಬ ಸನ್ನೆಯನ್ನು ಮೊದಲೇ ಮಾತಾಡಿಕೊಂಡಿರಬೇಕು.

ಕೇಂದ್ರದಲ್ಲಿ ಅಂಧರನ್ನು ಒಂದು ಸಲ ಕೈಹಿಡಿದು ಬಾಗಿಲು, ನೀರು, ಶೌಚಾಲಯ ಸುತ್ತಿಸಿ. ಹಾಸಿಗೆಯಿಂದ ಶೌಚಾಲಯದವರೆಗೆ ಸೊಂಟದ ಎತ್ತರಕ್ಕೆ ತೆಂಗಿನ ಹಗ್ಗ ಬಿಗಿದು ಕಟ್ಟಿದರೆ ರಾತ್ರಿ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಆಮೇಲೆ ಹಾಸಿಗೆಯ ಜಾಗ ಬದಲಾಯಿಸಬೇಡಿ, ದಯವಿಟ್ಟು.

ಕೃಷ್ಣಾದಂಡೆ:
ಎಲ್ಲರಿಗೂ ಧನ್ಯವಾದ. ನಾಲ್ಕು ಕಾಲಂ ಇವತ್ತೇ ಶುರು ಮಾಡುತ್ತೇನೆ. ಎರಡು ಅನುಮಾನ. ಮೂರು ಮೆಟ್ಟಿಲಿನ ಮೇಲೆ ಹಲಗೆ ಹಾಕಿದರೆ ಸಾಲದೇ? ಮತ್ತೆ, ಪೂರ್ಣ ಪಟ್ಟಿಯನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೂ ಊರಿನ ವಾಟ್ಸ್‌ಆ್ಯಪ್ ಗುಂಪಿಗೂ ಹಾಕೋಣ, ಎಲ್ಲರಿಗೂ ಗೊತ್ತಿರಲಿ ಎಂದು ಕೆಲ ಸದಸ್ಯರು ಹೇಳುತ್ತಿದ್ದಾರೆ.

ಪಿಡಿಒ_ಮಲೆನಾಡು:
ಪಟ್ಟಿ ಹಾಕಬೇಡಿ ಸರ್. ಒಂಟಿಯಾಗಿರುವ ವಿಕಲಚೇತನ ಹೆಣ್ಣುಮಗಳು ಯಾವ ಮನೆಯಲ್ಲಿದ್ದಾಳೆ, ಯಾರು ಯಾವ ಮಾನಸಿಕ ಕಾಯಿಲೆಗೆ ಮಾತ್ರೆ ತಿನ್ನುತ್ತಾರೆ ಎಂಬುದು ಊರಿಗೆಲ್ಲ ಗೊತ್ತಾಗಬೇಕಾದ ವಿಷಯವಲ್ಲ. ಪೂರ್ಣ ಪಟ್ಟಿ ನಿಮ್ಮಲ್ಲಿ, ಪಿಡಿಒ ಹತ್ತಿರ, ಪಿಎಚ್‌ಸಿಯಲ್ಲಿ. ಮುದ್ರಿತ ಪ್ರತಿಯೇ ಇರಲಿ, ನೆರೆಯಲ್ಲಿ ಕಂಪ್ಯೂಟರ್ ತೆರೆಯುವುದಿಲ್ಲ. ಸಹಾಯಕ್ಕೆ ನಿಗದಿಯಾದವರಿಗೆ ತಮ್ಮ ಪಾಲಿನ ಒಂದೆರಡು ಮನೆಯ ವಿವರ ಮಾತ್ರ, ಅದೂ ಆ ಮನೆಯವರು ಒಪ್ಪಿದ ಮೇಲೆ. ಒಬ್ಬ ವ್ಯಕ್ತಿಗೆ ಇಬ್ಬರು ಸಹಾಯಕರಿರಲಿ, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು.

ಹಲಗೆ ಸಾಲದು. ಮೂರು ಮೆಟ್ಟಿಲು ಎಂದರೆ ಸುಮಾರು 45 ಸೆಂ.ಮೀ. ಎತ್ತರ. 1:12ರ ಇಳಿಜಾರಿಗೆ 5.4 ಮೀಟರ್ ಉದ್ದ ಬೇಕು. ಹಲಗೆ ಕಡಿದಾಗಿ ನಿಲ್ಲುತ್ತದೆ, ಮಳೆಗೆ ಜಾರುತ್ತದೆ. ಎರಡೂ ಬದಿ ಇಟ್ಟಿಗೆ ಕಟ್ಟಿ, ಮುರಂ ತುಂಬಿ ಗುದ್ದಿ, ಮೇಲೆ ಒರಟು ಕಾಂಕ್ರೀಟ್ ಹಾಕಿಸಿ. ಅಗಲ 120 ಸೆಂ.ಮೀ., ಅಂಚು ಸ್ವಲ್ಪ ಎತ್ತರ, ಗಾಲಿ ಕೆಳಗಿಳಿಯದಂತೆ. ರ‍್ಯಾಂಪ್ ಕಟ್ಟುವ ಮೊದಲು ಶೌಚಾಲಯದ ಬಾಗಿಲು ಅಳೆಯಿರಿ. 90 ಸೆಂ.ಮೀ. ಇಲ್ಲದಿದ್ದರೆ ಚೌಕಟ್ಟು ಬದಲಿಸಿ, ಬಾಗಿಲು ಹೊರಕ್ಕೆ ತೆರೆಯಲಿ. ಇಂಡಿಯನ್ ಶೌಚಾಲಯದ ಗುಂಡಿಯ ಮೇಲೆ ಇಡುವ ಸ್ಟೀಲ್ ಕಮೋಡ್ ಕುರ್ಚಿ ಎರಡು ಸಾಕು. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆಯುವ ಉಪಾಯ ಬೇಡ: ಕಾಲು ಸೀಳುತ್ತದೆ, ಅಂಚು ಸ್ಪರ್ಶವಿಲ್ಲದ ಚರ್ಮವನ್ನು ಕುಯ್ಯುತ್ತದೆ.

ದುಡ್ಡಿಗೆ, ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಿಡುವ ಶೇ 5ರ ನಿಧಿ ನೋಡಿ. ಕ್ರಿಯಾಯೋಜನೆಯಲ್ಲಿ ರ‍್ಯಾಂಪ್, ಕಮೋಡ್ ಕುರ್ಚಿ, ಫೋಮ್ ಹಾಸಿಗೆ ಎಂದು ಸ್ಪಷ್ಟವಾಗಿ ಬರೆಯಿರಿ. ‘ಇತರೆ ಸಾಮಗ್ರಿ’ ಎಂದರೆ ಆಡಿಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಸಾಗಿಸುವಾಗ ವೀಲ್‌ಚೇರ್, ಕೃತಕ ಕಾಲು, ಶ್ರವಣಯಂತ್ರ, ಅದರ ಬ್ಯಾಟರಿ ಮನೆಯಲ್ಲೇ ಉಳಿಯುತ್ತವೆ. ‘ಮನುಷ್ಯ ಬಂದರಲ್ಲ, ಸಾಕು’ ಎಂದುಕೊಳ್ಳುತ್ತಾರೆ. ಎಲ್ಲದರ ಮೇಲೂ ಹೆಸರು ಬರೆದು ಅದೇ ವಾಹನದಲ್ಲಿ ಹಾಕಿ. ತೋಳು ಹಿಡಿದು ಎಳೆದೆತ್ತಬಾರದು, ಹೇಗೆ ಎತ್ತಬೇಕೆಂದು ಅವರನ್ನೇ ಕೇಳಿ. ದೋಣಿಯಲ್ಲಾದರೆ ಯಾರನ್ನೂ ವೀಲ್‌ಚೇರಿಗೆ ಬೆಲ್ಟ್ ಬಿಗಿದು ಕೂರಿಸಬೇಡಿ, ಮಗುಚಿದರೆ ಕುರ್ಚಿಯ ಜೊತೆಗೇ ಮುಳುಗುತ್ತಾರೆ. ಲೈಫ್ ಜಾಕೆಟ್ ಹಾಕಿ ದೋಣಿಯಲ್ಲೇ ಕೂರಿಸಿ, ವೀಲ್‌ಚೇರ್ ಮಡಚಿ ಪಕ್ಕಕ್ಕಿಡಿ.

ಮೇ ತಿಂಗಳಲ್ಲಿ ಒಂದು ದಿನ ಪಟ್ಟಿಯ ಮೇಲಿನ ಐದು ಮನೆಗಳಿಂದ ಹೈಸ್ಕೂಲಿನವರೆಗೆ ನಿಜವಾಗಿ ಸಾಗಿಸಿ ನೋಡಿ, ಗಡಿಯಾರ ಹಿಡಿದು.

ಕೃಷ್ಣಾದಂಡೆ:
ಸರಿ ಸರ್. ಬಾಗಿಲು ಈಗಷ್ಟೇ ಅಳೆದೆ, 72 ಸೆಂ.ಮೀ. ಇದೆ. ಚೌಕಟ್ಟು ಬದಲಿಸಲು ಎಸ್ಟಿಮೇಟ್ ಮಾಡಿಸುತ್ತೇನೆ.